ಒಂಟಿ ಚುಕ್ಕಿನ ಕೇಳ್ಬೇಡಿ
ಕೇಳುಗರಿಗೆಲ್ಲ ನಮಸ್ಕಾರ. ಒಂದರ ಹಿಂದೊಂದು ತೆಗೆದ ಎರಡು ಫೋಟೋ ಕಂಪ್ಯೂಟರ್‌ಗೆ ಕೊಟ್ಟು, ಇದ್ರಲ್ಲಿ ಯಾವ್ದು ಎತ್ಲಾಗೆ ಸರೀತು ಅಂತ ಕೇಳೋದು, ಇವತ್ತಿನ ವಿಷಯ ಅಷ್ಟೇ. ಆಪ್ಟಿಕಲ್ ಫ್ಲೋ ಅಂತಾರೆ. ಹೆಸ್ರು ಕೇಳಿ ರೇಡಿಯೋ ಆಫ್ ಮಾಡ್ಬೇಡಿ, ನೆನಪಿಡ್ಬೇಕಾದ್ದು ಒಂದೇ ಮಾತು: ಫೋಟೋ ತುಂಬಾ ಇರೋ ಪುಟ್ಟ ಚುಕ್ಕಿಗಳಲ್ಲಿ, ಅಂದ್ರೆ ಪಿಕ್ಸೆಲ್‌ಗಳಲ್ಲಿ, ಒಂಟಿ ಚುಕ್ಕಿಗೆ ತಾನೆಲ್ಲಿಗೆ ಹೋಗ್ತಿದೀನಿ ಅಂತ ಗೊತ್ತಿರಲ್ಲ, ಅಕ್ಕಪಕ್ಕದವ್ರನ್ನ ಕೇಳ್ಬೇಕು.

ಚಿಕ್ಕವನಿದ್ದಾಗ ನಮ್ಮೂರ ತೇರಿನ ದಿನವೇ ಜ್ವರ ಬಂದು ನನ್ನ ಒಳಗೆ ಕೂಡಿಹಾಕಿದ್ರು. ಬಾಗಿಲಲ್ಲಿ ಕಾಸಗಲದ ತೂತಿತ್ತು, ಅದಕ್ಕೆ ಕಣ್ಣಿಟ್ಟು ಕೂತೆ. ನಮ್ಮ ಜಗುಲಿ ಪಕ್ಕದಲ್ಲೇ ತೇರಿನ ಹಗ್ಗ, ವರ್ಷವರ್ಷ ಜನರ ಕೈಲಿ ಸವೆದು ನುಣ್ಣಗಾಗಿದ್ದು, ನಂಗೆ ಕಾಣೋದು ಅದರದ್ದೊಂದು ತುಂಡು, ಅದೋ ಅಲ್ಲಾಡ್ತಾನೇ ಇಲ್ಲ. ತೇರಿನ್ನೂ ಹೊರಟಿಲ್ಲ ಕಣಜ್ಜಿ ಅಂದೆ. ಅಜ್ಜಿ, ಜನ ಅಷ್ಟು ಕೂಗ್ತಿದಾರೆ ನಿಂಗೆ ಕಣ್ಣಿಲ್ವಾ ಅಂದ್ಳು, ನಾನೂ ಬಿಡ್ಲಿಲ್ಲ, ಎರಡು ಬಾಳೆಹಣ್ಣು ಪಂದ್ಯ ಕಟ್ಟಿದೆ. ಅಷ್ಟ್ರಲ್ಲಿ ಹಗ್ಗದ ಗಂಟೊಂದು ತೂತಿನ ಮುಂದೆ ಸರ್ರಂತ ಹೋಯ್ತು. ಅಷ್ಟೊತ್ತೂ ಹಗ್ಗ ಓಡ್ತಾನೇ ಇತ್ತು! ತನ್ನುದ್ದಕ್ಕೇ ಓಡೋ ಹಗ್ಗ ತೂತಲ್ಲಿ ನಿಂತ ಹಾಗೇ ಕಾಣತ್ತೆ. ಬಾಳೆಹಣ್ಣು ಹೋಯ್ತು.

ಕಂಪ್ಯೂಟರ್ ಪಾಡೂ ಅದೇ. ಒಂದು ಚುಕ್ಕಿಯಿಂದ ಸಿಗೋದು ಒಂದು ಸಮೀಕರಣ, ಬೇಕಿರೋದು ಎರಡು ಉತ್ತರ, ಅಡ್ಡಕ್ಕೆಷ್ಟು ಉದ್ದಕ್ಕೆಷ್ಟು. 1981ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹಾರ್ನ್ ಮತ್ತು ಶಂಕ್ ಒಂದು ಉಪಾಯ ಮಾಡಿದ್ರು. ಚುಕ್ಕಿ ಸರಿದ ಮೇಲೆ ಅದರ ಹೊಳಪು ಮೊದಲ ಫೋಟೋದ ಹೊಳಪಿಗೆ ತಾಳೆ ಆಗದಿದ್ರೆ ದಂಡ, ಪಕ್ಕದವ್ರಿಗಿಂತ ಬೇರೆ ಥರ ನಡೆದ್ರೂ ದಂಡ, ಒಟ್ಟು ದಂಡ ಎಲ್ಲಿ ಕಮ್ಮಿಯೋ ಅದೇ ಉತ್ತರ. ಫುಲ್ ಎಚ್‌ಡಿ ಚಿತ್ರದಲ್ಲಿ ಹೀಗೆ ಹುಡುಕ್ಬೇಕಾದ್ದು, ಚುಕ್ಕಿಗೆರಡರಂತೆ, 41 ಲಕ್ಷಕ್ಕೂ ಹೆಚ್ಚು ಸಂಖ್ಯೆ, ಒಂದೇ ಏಟಿಗೆ ಬಿಡಿಸೋಕೆ ಯಾರೂ ಹೋಗಲ್ಲ, ಪ್ರತಿ ಚುಕ್ಕಿನೂ ನೆರೆಯವ್ರ ಸರಾಸರಿ ತಗೊಂಡು ತನ್ನ ಲೆಕ್ಕಕ್ಕೆ ತಕ್ಕಂತೆ ಚೂರು ತಿದ್ಕೊಂಡು ಮತ್ತೆ ಕೇಳತ್ತೆ, ಮತ್ತೆ ತಿದ್ಕೊಳ್ಳತ್ತೆ, ಸುತ್ತಿನ ಮೇಲೆ ಸುತ್ತು. ನೋಡಿ, ಮತ್ತೆ ಅದೇ, ಅಕ್ಕಪಕ್ಕದವ್ರು!

ಅದೇ ವರ್ಷ ಅಮೆರಿಕದ್ದೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲ್ಯೂಕಸ್ ಮತ್ತು ಕನಾಡೆ, ಒಂದು ಪುಟ್ಟ ಕಿಟಕಿಯೊಳಗಿನ ಚುಕ್ಕಿಗಳೆಲ್ಲ ಒಂದೇ ಕಡೆ ಹೋಗ್ತಿವೆ ಅಂತಿಟ್ಕೊಂಡು ಬಿಡಿಸಿದ್ರು. ಗಾಜಿನಾಚೆಯಿಂದ ಟೈಮಾಯ್ತು ಅಂತ ಕೈ ತೋರಿಸ್ತಿದಾರೆ, ಇನ್ನೊಂದೇ ಮಾತು ಸ್ವಾಮಿ. ಈ ಲೆಕ್ಕವೆಲ್ಲ ಚಿಕ್ಕ ಹೆಜ್ಜೆಗೆ ಮಾತ್ರ, ಕಾರು ದಬಕ್ಕಂತ ಮೂವತ್ತು ಚುಕ್ಕಿ ಹಾರಿದ್ರೆ ಮೊದ್ಲು ಚಿತ್ರನ ಕುಗ್ಸಿ, ಹಾರಿದ್ದೂ ಚಿಕ್ಕ ಹೆಜ್ಜೆ ಆಗತ್ತೆ, ಅಲ್ಲಿ ಬಂದ ಉತ್ತರ ಹಿಡ್ಕೊಂಡು ದೊಡ್ಡ ಚಿತ್ರಕ್ಕೆ ಬನ್ನಿ. ನಮ್ಮ ಹುಡುಗ್ರು ಇದನ್ನ ಬಿಟ್ಟು, ಸಾರ್ ಉತ್ತರ ತಪ್ಪು ಬರ್ತಿದೆ ಅಂತ ಬರ್ತಾರೆ, ಎಷ್ಟು ಸಲ ಹೇಳೋದು.

ನಿಮ್ಮ ಕಂಪ್ಯೂಟರ್ ಮೌಸ್ ಹೊಟ್ಟೇಲೂ ಹೀಗೇ ಫೋಟೋ ಹೋಲಿಸಿ ಎತ್ಲಾಗೆ ಸರೀತು ಅಂತ ನೋಡೋ ಪುಟ್ಟ ಕ್ಯಾಮೆರಾ ಇದೆ. ಗಾಜಿನ ಟೇಬಲ್ ಮೇಲಿಟ್ರೆ ಪಾಪ ಅದಕ್ಕೆ ಗಂಟು ಕಾಣಲ್ಲ, ಬಾಣ ಎಲ್ಲೆಲ್ಲೋ ಕುಣಿಯತ್ತೆ. ಕೆಳಗೊಂದು ಹಳೇ ಪೇಪರ್ ಹಾಕಿ. ನಮಸ್ಕಾರ.