ಹೊಳೆಯ ಮುನ್ಸೂಚನೆ ಎಷ್ಟು ನಿಜವಾಯಿತು?

ಕೇಳುಗರೆಲ್ಲರಿಗೂ ನಮಸ್ಕಾರ. ಹೊಳೆ ಇಷ್ಟು ಏರುತ್ತದೆ ಎಂದು ಮಳೆಗಾಲದಲ್ಲಿ ಮುನ್ಸೂಚನೆ ಬರುತ್ತದೆ. ನೆರೆ ಇಳಿದ ಮೇಲೆ ಆ ಮಾತು ಎಷ್ಟು ನಿಜವಾಯಿತೆಂದು ಅಳೆಯುವುದು ಹೇಗೆ?

ಕೇಂದ್ರ ಜಲ ಆಯೋಗದ ಅಳತೆ ಸರಳ. ಹೇಳಿದ ಮಟ್ಟಕ್ಕೂ ಬಂದ ಮಟ್ಟಕ್ಕೂ 15 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿಲ್ಲದಿದ್ದರೆ ಮುನ್ಸೂಚನೆ ಸರಿ. ಅಣೆಕಟ್ಟಿನ ಒಳಹರಿವಾದರೆ ಶೇಕಡಾ 20ರವರೆಗೆ ವ್ಯತ್ಯಾಸವಿರಬಹುದು. ಆದರೆ ‘ಶೇಕಡಾ ಇಷ್ಟು ಸರಿ’ ಎಂಬ ಒಂದೇ ಸಂಖ್ಯೆ ಸಾಲದು.

ಒಂದು ಲೆಕ್ಕ ಹಾಕೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. ಅದರಲ್ಲಿ 9 ದಿನ ನೆರೆ ಬಂತೆನ್ನಿ. ಎಚ್ಚರಿಕೆ ಕೊಟ್ಟದ್ದು 10 ದಿನ. 7 ನಿಜವಾದವು, 3 ಸುಳ್ಳಾದವು, 2 ನೆರೆ ಎಚ್ಚರಿಕೆಯಿಲ್ಲದೆ ಬಂದವು. ಒಟ್ಟು 117 ದಿನ ಸರಿ, ಅಂದರೆ ಶೇಕಡಾ 96. ಆದರೆ ಮಳೆಗಾಲವಿಡೀ ಬಾಯಿಯನ್ನೇ ತೆರೆಯದವನಿಗೂ ಶೇಕಡಾ 93 ಸಿಗುತ್ತದೆ! ನೆರೆಯಿಲ್ಲದ ದಿನಗಳೇ ಅಂಕವನ್ನು ಉಬ್ಬಿಸುತ್ತವೆ. ಆದ್ದರಿಂದ ಬಂದ 9 ನೆರೆಗಳಲ್ಲಿ ಹಿಡಿದದ್ದು 7, ಕೊಟ್ಟ 10 ಎಚ್ಚರಿಕೆಗಳಲ್ಲಿ ಸುಳ್ಳು 3 ಎಂದು ಎರಡನ್ನೂ ಜೊತೆಗೇ ಹೇಳಬೇಕು.

ಹರಿವಿನ ಪ್ರಮಾಣದ ಮುನ್ಸೂಚನೆ ಎಷ್ಟು ಸರಿಯೆಂದು ಅಳೆಯಲು ಜಲವಿಜ್ಞಾನಿಗಳಾದ ನ್ಯಾಶ್ ಮತ್ತು ಸಟ್‌ಕ್ಲಿಫ್ 1970ರಲ್ಲಿ ಕೊಟ್ಟ ಸೂಚ್ಯಂಕವಿದೆ. 1 ಬಂದರೆ ಪೂರ್ತಿ ಸರಿ. 0 ಬಂದರೆ ದಿನವೂ ಸರಾಸರಿ ಹರಿವನ್ನೇ ಹೇಳಿದ್ದಕ್ಕೆ ಸಮ. ನಮ್ಮ ಕಾಸರಗೋಡಿನ ಹೊಳೆಗಳಲ್ಲಿ ಇದು ಮೋಸ ಮಾಡುತ್ತದೆ. ಜುಲೈಯಲ್ಲಿ ದಡ ಮೀರಿ ಏಪ್ರಿಲ್‌ನಲ್ಲಿ ಕಲ್ಲು ಕಾಣುವ ಹೊಳೆಗೆ ವರ್ಷದ ಸರಾಸರಿ ಯಾವ ತಿಂಗಳಿಗೂ ಹೊಂದದು. ಅದನ್ನು ಸೋಲಿಸಲು ಜಾಣ್ಮೆ ಬೇಡ. ಅದೇ ತಾರೀಕಿನ ಹಿಂದಿನ ವರ್ಷಗಳ ಸರಾಸರಿ, ‘ಈಗಿರುವಷ್ಟೇ ನಾಳೆಯೂ’ ಎಂಬ ಊಹೆ, ಇವೆರಡನ್ನೂ ಮೀರಿದರೆ ಮಾತ್ರ ಮುನ್ಸೂಚನೆಗೆ ಬೆಲೆ. ಈ ಸೂಚ್ಯಂಕ ಪ್ರತಿ ತಪ್ಪನ್ನೂ ಅದರಿಂದಲೇ ಗುಣಿಸುವುದರಿಂದ ದೊಡ್ಡ ನೆರೆಗಳೇ ಅಂಕವನ್ನು ತೀರ್ಮಾನಿಸುತ್ತವೆ. ಬೇಸಿಗೆಯಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟ ಹಾಕಿ ನೀರು ನಿಲ್ಲಿಸುವವರಿಗೆ ಬೇಕಾದ ಸಣ್ಣ ಹರಿವನ್ನು, ಸಣ್ಣ ಸಂಖ್ಯೆಗಳ ವ್ಯತ್ಯಾಸವೂ ಎದ್ದು ಕಾಣುವಂತೆ ಮಾಡುವ ಲಾಗರಿದಮ್ ಲೆಕ್ಕಕ್ಕೆ ಬದಲಿಸಿ ಬೇರೆಯೇ ಪರೀಕ್ಷಿಸಬೇಕು.

ಚಂದ್ರಗಿರಿಯಂಥ ಗಿಡ್ಡ ಹೊಳೆಯಲ್ಲಿ ಘಟ್ಟದ ಮಳೆ ಕೆಲವೇ ತಾಸುಗಳಲ್ಲಿ ಕೆಳಗೆ ಮುಟ್ಟುತ್ತದೆ. ಹಾಗಾಗಿ 6 ತಾಸು ಮೊದಲು ಹೇಳಿದ್ದನ್ನೂ 24 ತಾಸು ಮೊದಲು ಹೇಳಿದ್ದನ್ನೂ ಒಟ್ಟು ಸೇರಿಸಬಾರದು. ನೆರೆ ಅತಿ ಎತ್ತರಕ್ಕೆ ಏರುವ ಹೊತ್ತು 3 ತಾಸು ತಡವಾದರೆ ಲೆಕ್ಕದಲ್ಲಿ ಎರಡು ಸಲ ದಂಡ ಬೀಳುತ್ತದೆ: ಹೇಳಿದ ಹೊತ್ತಿಗೆ ನೀರಿಲ್ಲ, ಬಂದ ಹೊತ್ತಿಗೆ ಹೇಳಿಕೆಯಿಲ್ಲ. ಎತ್ತರದ ತಪ್ಪು, ಹೊತ್ತಿನ ತಪ್ಪು ಬೇರೆಬೇರೆಯಾಗಿ ಬರೆಯಬೇಕು. ಮುನ್ಸೂಚನೆಯ ವಿಧಾನವನ್ನು ಹಳೆಯ ನೆರೆಗಳ ಮೇಲೆ ಪರೀಕ್ಷಿಸುವಾಗ ಆಗ ಸುರಿದ ನಿಜ ಮಳೆಯನ್ನೇ ಹಾಕಿದರೆ ಫಲಿತಾಂಶ ಚೆಂದ ಬರುತ್ತದೆ, ಆದರೆ ಮುನ್ಸೂಚನೆ ಕೊಡುವ ದಿನ ಕೈಯಲ್ಲಿರುವುದು ಮಳೆಯ ಅಂದಾಜು ಮಾತ್ರ. ಯಾವುದನ್ನು ಹಾಕಿದ್ದೆಂದು ವರದಿಯಲ್ಲಿ ಹೇಳಲೇಬೇಕು.

‘ನಿಜವಾದ ಹರಿವು’ ಎನ್ನುವುದೂ ಹೆಚ್ಚಾಗಿ ಮಟ್ಟ ನೋಡಿ ಹಾಕಿದ ಲೆಕ್ಕ. ದೊಡ್ಡ ನೆರೆಯಲ್ಲಿ ನೀರಿನ ವೇಗ ಅಳೆಯುವುದು ಅಪರೂಪ. ಅಳಿವೆಯ ಹತ್ತಿರ ಸಮುದ್ರದ ಭರತವೂ ಮಟ್ಟವನ್ನು ಏರಿಸುತ್ತದೆ, ಹರಿವು ಹೆಚ್ಚಿರುವುದಿಲ್ಲ.

ಕೊನೆಗೆ, ಶೇಕಡಾದ ಪಕ್ಕದಲ್ಲಿ ನೆರೆಗಳ ಎಣಿಕೆ ಇರಲಿ. 9ರಲ್ಲಿ 7 ಎಂದರೆ ಶೇಕಡಾ 78. ಒಂದೇ ಒಂದು ನೆರೆ ಆಚೀಚೆಯಾದರೆ ಅದೇ 67, ಇಲ್ಲವೇ 89. ನಮಸ್ಕಾರ.