ಸಬ್‌ವೂಫರ್ ಎಲ್ಲಿಡಬೇಕು? ಸೀಟಿನಲ್ಲಿ ಕುಳಿತು ಕೇಳಿ

ಶ್ರೋತೃಗಳಿಗೆ ನಮಸ್ಕಾರ.

ಕಾರಿನಲ್ಲಿ ಸಬ್‌ವೂಫರನ್ನು ಎಲ್ಲಿ ಇಟ್ಟರೆ ಸಂಗೀತ ಚೆನ್ನಾಗಿ ಕೇಳಿಸುತ್ತದೆ ಎಂಬುದು ಇಂದಿನ ಮಾತಿನ ವಿಷಯ. ನಾನು ಹೇಳಬೇಕಾಗಿರುವುದು ಒಂದೇ ಮಾತು, ಉಳಿದದ್ದೆಲ್ಲ ಅದರ ವಿವರಣೆ. ಕಾರಿನ ಬಾಗಿಲು, ಕಿಟಕಿ, ಡಿಕ್ಕಿ ಎಲ್ಲವನ್ನೂ ಮುಚ್ಚಿ, ನೀವು ದಿನವೂ ಕೂರುವ ಸೀಟಿನಲ್ಲಿ ಕುಳಿತು, ನಿಮ್ಮ ಕಿವಿಯಿಂದಲೇ ಸಬ್‌ವೂಫರಿನ ಜಾಗವನ್ನು ನಿರ್ಧರಿಸಿ. ಇದು ತೀರಾ ಸರಳವಾಗಿ ತೋರಬಹುದು. ಆದರೆ ಡಿಕ್ಕಿ ತೆರೆದು, ಅದರ ಹಿಂದೆ ಗುಂಪಾಗಿ ನಿಂತು, ತಲೆದೂಗುತ್ತಾ "ಭರ್ಜರಿಯಾಗಿದೆ" ಎಂದು ತೀರ್ಪು ಕೊಡುವ ಗೆಳೆಯರ ಬಳಗವನ್ನು ಪದೇ ಪದೇ ನೋಡಿರುವ ನನಗೆ, ಈ ಸರಳ ಮಾತನ್ನು ಹೇಳುವವರು ಇನ್ನೂ ಬೇಕಾಗಿದ್ದಾರೆ ಎಂದೇ ಅನ್ನಿಸುತ್ತದೆ. ಆ ಗೆಳೆಯರಲ್ಲಿ ಯಾರೂ ಡಿಕ್ಕಿಯ ಹಿಂದೆ ನಿಂತು ಕಾರು ಓಡಿಸುವವರಲ್ಲ.

ಮೊದಲು ಸಬ್‌ವೂಫರಿನ ಕೆಲಸವೇನು ಎಂಬುದನ್ನು ನೋಡೋಣ. ಬಾಗಿಲುಗಳಲ್ಲಿರುವ ಸ್ಪೀಕರುಗಳು ಚಿಕ್ಕವು; ಹಾಡುಗಾರರ ಧ್ವನಿಯನ್ನೂ ಬಹುಪಾಲು ವಾದ್ಯಗಳನ್ನೂ ಅವು ಚೆನ್ನಾಗಿಯೇ ನುಡಿಸುತ್ತವೆ. ಆದರೆ ಸುಮಾರು 80 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 80 ಅಲೆಗಳಿಗಿಂತ, ಕೆಳಗಿನ ಮಂದ್ರ ನಾದಕ್ಕೆ ಬೇಕಾಗುವಷ್ಟು ಗಾಳಿಯನ್ನು ಅಲುಗಿಸುವ ಶಕ್ತಿ ಅವುಗಳಿಗಿಲ್ಲ. ಬಾಸ್ ಗಿಟಾರಿನ ಅತ್ಯಂತ ಕೆಳಗಿನ ತಂತಿ ಮಿಡಿಯುವುದು ಸುಮಾರು 41 ಹರ್ಟ್ಸ್‌ನಲ್ಲಿ. ಆ ಆಳವನ್ನು ತುಂಬಿಕೊಡುವುದೇ ಸಬ್‌ವೂಫರಿನ ಕೆಲಸ.

ಈಗ ಒಂದು ಸಣ್ಣ ಲೆಕ್ಕ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 50 ಹರ್ಟ್ಸ್ ಎಂದರೆ ಒಂದು ಸೆಕೆಂಡಿನಲ್ಲಿ 50 ಅಲೆಗಳು. ಹಾಗಾದರೆ ಒಂದೊಂದು ಅಲೆಯ ಉದ್ದ ಸುಮಾರು 7 ಮೀಟರ್. ಕಾರಿನ ಒಳಗಿನ ಉದ್ದವೋ ಎರಡೂವರೆ ಅಥವಾ ಮೂರು ಮೀಟರ್. ಅಂದರೆ ಒಂದು ಇಡೀ ಅಲೆ ನಿಮ್ಮ ಕಾರಿನೊಳಗೆ ಹಿಡಿಯುವುದೇ ಇಲ್ಲ. ಇಷ್ಟು ಉದ್ದದ ಅಲೆ ಎಡಗಿವಿಗೂ ಬಲಗಿವಿಗೂ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ತಲುಪುವುದರಿಂದ, ಅದು ಯಾವ ದಿಕ್ಕಿನಿಂದ ಬಂತು ಎಂದು ಗುರುತಿಸುವುದು ನಮಗೆ ಕಷ್ಟ. ಸಬ್‌ವೂಫರಿನ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟರೂ ಬಾಸ್, ಅಂದರೆ ಈ ಮಂದ್ರ ನಾದ, ಮುಂದಿನಿಂದಲೇ ಬಂದಂತೆ ಕೇಳಿಸಬಲ್ಲದು ಎಂಬುದಕ್ಕೆ ಕಾರಣ ಇದೇ. ಇನ್ನೊಂದು ಲಾಭವೂ ಉಂಟು. ಅಲೆಯ ಅರ್ಧ ಉದ್ದವು ಕಾರಿನ ಉದ್ದವನ್ನು ಮೀರಿದ ಮೇಲೆ, ಅಂದರೆ ಸುಮಾರು 60 ಅಥವಾ 70 ಹರ್ಟ್ಸ್‌ನಿಂದ ಕೆಳಕ್ಕೆ, ಸಬ್‌ವೂಫರ್ ಇಡೀ ಕಾರಿನ ಗಾಳಿಯನ್ನೇ ಒಟ್ಟಾಗಿ ಒತ್ತತೊಡಗುತ್ತದೆ. ನಾದವು ಕೆಳಗಿಳಿದಷ್ಟೂ ಕಾರೇ ಅದನ್ನು ಎತ್ತಿ ಹಿಡಿಯುತ್ತದೆ. ಆದರೆ ಈ ಲಾಭವೆಲ್ಲ ಮುಚ್ಚಿದ ಕಾರಿಗೆ ಮಾತ್ರ. ಡಿಕ್ಕಿಯ ಬಾಗಿಲು ತೆರೆದ ಕೂಡಲೇ ಒತ್ತಡ ಹೊರಗೆ ಹರಿದುಹೋಗುತ್ತದೆ, ಆಗ ನೀವು ಕೇಳುವುದು ಬೇರೊಂದು ಕಾರಿನ ಸದ್ದು ಎಂದೇ ತಿಳಿಯಿರಿ. ಆದ್ದರಿಂದ ಮತ್ತೆ ಹೇಳುತ್ತೇನೆ: ಎಲ್ಲವನ್ನೂ ಮುಚ್ಚಿ, ಸೀಟಿನಲ್ಲಿ ಕುಳಿತು ಕೇಳಿ.

ಇನ್ನು ತೊಂದರೆಯ ಕಡೆಗೆ ಬರೋಣ. ಸಬ್‌ವೂಫರಿನಿಂದ ಹೊರಟ ಸದ್ದು ಒಂದೇ ದಾರಿಯಲ್ಲಿ ನಿಮ್ಮನ್ನು ತಲುಪುವುದಿಲ್ಲ. ಒಂದು ಪಾಲು ನೇರವಾಗಿ ಮುಂದಕ್ಕೆ ಬರುತ್ತದೆ. ಇನ್ನೊಂದು ಪಾಲು ಹಿಂದಕ್ಕೆ ಹೋಗಿ, ಹಿಂಬಾಗಿಲಿಗೆ ತಾಗಿ, ಮರಳಿ ಮುಂದಕ್ಕೆ ಬರುತ್ತದೆ. ಈ ಎರಡನೆಯದು ಸರಿಯಾಗಿ ಅರ್ಧ ಅಲೆಯಷ್ಟು ತಡವಾಗಿ ಬಂದು ಸೇರಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಉಯ್ಯಾಲೆಯನ್ನು ಒಬ್ಬನು ಮುಂದಕ್ಕೆ ತಳ್ಳುವ ಕ್ಷಣದಲ್ಲೇ ಇನ್ನೊಬ್ಬನು ಎದುರಿನಿಂದ ತಳ್ಳಿದರೆ ಏನಾಗುತ್ತದೆ? ಇಬ್ಬರೂ ಬೆವರುತ್ತಾರೆ, ಉಯ್ಯಾಲೆ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಈ ಮಾತಿಗೆ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಒಮ್ಮೆ ಒಬ್ಬ ತರುಣ ತನ್ನ ಕಾರನ್ನು ನನಗೆ ತೋರಿಸಲು ತಂದಿದ್ದ. ಕಾರು ದೊಡ್ಡದು, ಹಿಂದಿನ ಸೀಟಿನ ಬೆನ್ನಿನಾಚೆ ಸಾಮಾನು ಇಡಲು ಧಾರಾಳವಾದ ಜಾಗವಿತ್ತು. ಸೀಟಿನ ಬೆನ್ನಿಗೆ ಒತ್ತಿಕೊಂಡಂತೆ, ಕೋನ್, ಅಂದರೆ ಅಲುಗಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗ, ಮುಂದಕ್ಕೆ ಮುಖ ಮಾಡಿಕೊಂಡು, ದೊಡ್ಡ ಪೆಟ್ಟಿಗೆಯೊಂದು ಕುಳಿತಿತ್ತು. ಮೊದಲು ಇದ್ದ ಆಂಪ್ಲಿಫೈಯರ್ ಸಾಲದೆಂದು ಅದನ್ನು ತೆಗೆದು ಇಮ್ಮಡಿ ಶಕ್ತಿಯದನ್ನು ಹಾಕಿಸಿದ್ದ. ಅದೂ ಸಾಲದೆಂದು ವೂಫರನ್ನೇ ಬದಲಾಯಿಸಿದ್ದ. "ಸರ್, ಹೊರಗೆ ನಿಂತವರಿಗೆ ಎದೆ ನಡುಗುತ್ತದೆ, ಒಳಗೆ ಕೂತ ನನಗೆ ಡ್ರಮ್ಮಿನ ಪೆಟ್ಟೇ ಇಲ್ಲ, ಇನ್ನೂ ದೊಡ್ಡ ಆಂಪ್ಲಿಫೈಯರ್ ಬೇಕೇನು?" ಎಂದು ಕೇಳಿದ. ಪೆಟ್ಟಿಗೆಯನ್ನು ಮುಂದಕ್ಕೆ ಮುಖ ಮಾಡಿ ಇಟ್ಟದ್ದೇಕೆ ಎಂದು ನಾನು ವಿಚಾರಿಸಿದೆ. "ಹಾಡು ನಮ್ಮ ಕಡೆಗೆ ಬರಬೇಕಲ್ಲ ಸರ್" ಎಂಬ ಉತ್ತರ ಬಂತು. ಅತ್ಯಂತ ಸಹಜವಾದ ಉತ್ತರ; ಬಹುತೇಕ ಎಲ್ಲರೂ ಕೊಡುವ ಉತ್ತರವೂ ಹೌದು.

ನಾನು ಅಳತೆಪಟ್ಟಿ ತರಿಸಿ, ಕೋನಿನಿಂದ ಹಿಂಬಾಗಿಲಿಗೆ ಇರುವ ದೂರವನ್ನು ಅಳೆಯಲು ಅವನಿಗೇ ಹೇಳಿದೆ. ಹೆಚ್ಚುಕಡಿಮೆ ಒಂದು ಮೀಟರ್ ಬಂತು. ಸದ್ದು ಹಿಂಬಾಗಿಲಿಗೆ ಹೋಗಲು ಒಂದು ಮೀಟರ್, ಮರಳಲು ಇನ್ನೊಂದು. ಒಟ್ಟು ಎರಡು ಮೀಟರಿನ ಸುತ್ತುದಾರಿ. ಎರಡು ಮೀಟರ್ ಎಂಬುದು ಯಾವ ಅಲೆಯ ಅರ್ಧ? ನಾಲ್ಕು ಮೀಟರ್ ಉದ್ದದ ಅಲೆಯ ಅರ್ಧ. 343 ನ್ನು ನಾಲ್ಕರಿಂದ ಭಾಗಿಸಿದರೆ ಸುಮಾರು 86 ಹರ್ಟ್ಸ್. ಡ್ರಮ್ಮಿನ ಪೆಟ್ಟು ಎದೆಗೆ ತಾಗುವುದು ಆ ಆಸುಪಾಸಿನಲ್ಲೇ! ಅವನಿಗೆ ಬೇಕಾಗಿದ್ದ ನಾದವನ್ನೇ ಅವನ ಹಿಂಬಾಗಿಲು ಅಳಿಸುತ್ತಿತ್ತು. ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿ ಮಾಡಿದಾಗ ನೇರವಾಗಿ ಬರುವ ಸದ್ದು ಹೆಚ್ಚುತ್ತದೆ, ನಿಜ. ಆದರೆ ಹಿಂಬಾಗಿಲಿಂದ ಮರಳುವ ಸದ್ದೂ ಅಷ್ಟೇ ಹೆಚ್ಚುತ್ತದೆ. ಉಯ್ಯಾಲೆ ತಳ್ಳುವ ಇಬ್ಬರಿಗೂ ಊಟ ಹಾಕಿದಂತಾಯಿತು, ಅಷ್ಟೆ.

ಅವನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಒಂದೇ ಹಾಡನ್ನು ಒಂದೇ ವಾಲ್ಯೂಮಿನಲ್ಲಿ ಮತ್ತೆ ಮತ್ತೆ ಹಾಕಲು ಹೇಳಿ, ಪೆಟ್ಟಿಗೆಯ ಜಾಗ ಬದಲಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ಪ್ರತಿ ಸಲವೂ ಹಾಡು ನಿಲ್ಲಿಸಿ, ಪೆಟ್ಟಿಗೆಯನ್ನು ಸರಿಸಿ, ಹಿಂಬಾಗಿಲು ಮುಚ್ಚಿ, ಮತ್ತೆ ಹಾಡು ಹಾಕಿಸುವುದು. ಬೇಸರದ ಕೆಲಸವೇ, ಆದರೆ ಇದರಲ್ಲಿ ಅಡ್ಡದಾರಿಯಿಲ್ಲ. ಪೆಟ್ಟಿಗೆಯನ್ನು ಹಿಂದಿನ ಮುಖಕ್ಕೆ ತಿರುಗಿಸಿ, ಸ್ವಲ್ಪ ಸ್ವಲ್ಪವೇ ಹಿಂಬಾಗಿಲಿನ ಕಡೆಗೆ ತಂದು, ಕೊನೆಗೆ ಕೋನಿಗೂ ಬಾಗಿಲಿಗೂ ನಡುವೆ ಸುಮಾರು 20 ಸೆಂಟಿಮೀಟರ್ ಉಳಿಯುವಂತೆ ಇಟ್ಟೆ. ಹಾಡು ಶುರುವಾದ ಕೂಡಲೇ ಒಳಗಿನಿಂದ ಗಾಜು ತಟ್ಟಿದ ಸದ್ದು ಕೇಳಿತು. ಬಾಗಿಲು ತೆಗೆದರೆ, "ಸರ್, ವಾಲ್ಯೂಮ್ ಹೆಚ್ಚಿಸಿದಿರಾ?" ಎಂದು ಅವನು ನನ್ನನ್ನೇ ಕೇಳಿದ. ವಾಲ್ಯೂಮಿನ ಗುಂಡಿ ಅವನ ಕೈಯಳತೆಯಲ್ಲೇ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಆದದ್ದಿಷ್ಟೇ. ಸುತ್ತುದಾರಿ ಎರಡು ಮೀಟರಿನಿಂದ ನಲವತ್ತು ಸೆಂಟಿಮೀಟರಿಗೆ ಇಳಿದಿತ್ತು. ಈಗ ಎರಡು ಅಲೆಗಳು ಪರಸ್ಪರ ಅಳಿಸುವುದು ಸುಮಾರು 430 ಹರ್ಟ್ಸ್‌ನಲ್ಲಿ, ಅಲ್ಲಿ ಸಬ್‌ವೂಫರ್ ನುಡಿಯುವುದೇ ಇಲ್ಲ. ಅದು ನುಡಿಯುವ ಕೆಳಗಿನ ಸ್ವರಗಳಲ್ಲಿ ನೇರ ಸದ್ದೂ ಮರಳಿದ ಸದ್ದೂ ಬಹುಮಟ್ಟಿಗೆ ಒಟ್ಟಿಗೇ ಹೊರಟು, ಒಂದಕ್ಕೊಂದು ಬಲ ಕೊಡುತ್ತಾ ಮುಂದಕ್ಕೆ ಬರುತ್ತವೆ. ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿ ಮಾಡಿದರೆ ಸಿಗುವ ಹೆಚ್ಚಳ, ಸದ್ದಿನ ಮಟ್ಟದ ಅಳತೆಯಲ್ಲಿ, 3 ಡೆಸಿಬೆಲ್. ಸದ್ದು ಇಮ್ಮಡಿಯಾದಂತೆ ಕಿವಿಗೆ ತೋರಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ಶಕ್ತಿ ಬೇಕು. ಪೆಟ್ಟಿಗೆ ತಿರುಗಿಸಲು ಖರ್ಚೇ ಇಲ್ಲ. ಹೀಗಿದ್ದೂ ಜನ ಮೊದಲು ಆಂಪ್ಲಿಫೈಯರ್ ಕೊಳ್ಳುತ್ತಾರೆ, ಕೊನೆಗೆ ಪೆಟ್ಟಿಗೆಯನ್ನು ಮುಟ್ಟುತ್ತಾರೆ. ಏಕೆಂದು ನನಗಂತೂ ಇಂದಿಗೂ ಅರ್ಥವಾಗಿಲ್ಲ.

ಪ್ರಸಂಗ ತುಸು ಉದ್ದವಾಯಿತು, ಸಮಯವೂ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ಗೋಡೆಯಿಲ್ಲದ ಹ್ಯಾಚ್‌ಬ್ಯಾಕ್‌ನಂಥ ಕಾರುಗಳಲ್ಲಿ ಪೆಟ್ಟಿಗೆಯನ್ನು ಆದಷ್ಟು ಹಿಂದಕ್ಕೆ, ಹಿಂಬಾಗಿಲಿನತ್ತ ಮುಖ ಮಾಡಿ ಇಟ್ಟು ಶುರು ಮಾಡಿ. ಕೋನ್ ಬಾಗಿಲಿಗೆ ತಾಗಕೂಡದು; ಎಂಟು ಹತ್ತು ಸೆಂಟಿಮೀಟರ್ ಜಾಗವಾದರೂ ಇರಲಿ. ಪೆಟ್ಟಿಗೆಗೆ ಗಾಳಿಯ ಕೊಳವೆ ಇದ್ದರೆ ಅದರ ಬಾಯಿಗೂ ಅಷ್ಟೇ ಬಿಡುವು ಬೇಕು. ಆ ಮೇಲೆ ಮೇಲ್ಮುಖವಾಗಿಟ್ಟು ಒಮ್ಮೆ, ಒಂದು ಮೂಲೆಗೆ ಸರಿಸಿ ಒಮ್ಮೆ ಕೇಳಿ ನೋಡಿ. ಎಲ್ಲಿ ಕುಳಿತು ಕೇಳಬೇಕೆಂದು ಮತ್ತೆ ಹೇಳಬೇಕೇ?

ಸೆಡಾನ್ ಕಾರುಗಳದು ಬೇರೆ ಸಮಸ್ಯೆ. ಅಲ್ಲಿ ಡಿಕ್ಕಿಗೂ ನಿಮಗೂ ನಡುವೆ ತಗಡು, ಸೀಟಿನ ದಪ್ಪ ಬೆನ್ನು ಎಲ್ಲ ಇವೆ. ಎಷ್ಟು ಸದ್ದು ತಡೆಯಲ್ಪಡುತ್ತಿದೆ ಎಂದು ತಿಳಿಯಲು ಹಿಂದಿನ ಸೀಟಿನ ಬೆನ್ನನ್ನು ಮಡಚಿ ಒಮ್ಮೆ, ಎತ್ತಿ ನಿಲ್ಲಿಸಿ ಒಮ್ಮೆ ಕೇಳಿ. ವ್ಯತ್ಯಾಸ ದೊಡ್ಡದಾಗಿದ್ದರೆ ಸದ್ದಿಗೆ ದಾರಿ ಬೇಕು: ಸೀಟಿನ ನಡುವಿನ ಕೈಯಾನಿಕೆಯ ಹಿಂದೆ ಕಿಂಡಿಯಿದ್ದರೆ ಅದನ್ನು ತೆರೆದಿಡಬಹುದು. ಆ ಕಿಂಡಿಗೇ ಮುಖ ಮಾಡಿ ಪೆಟ್ಟಿಗೆಯನ್ನು ಮುಂದಕ್ಕೆ ತಿರುಗಿಸುವುದಾದರೆ ಸುತ್ತಲಿನ ಸಂದುಗಳನ್ನು ಗಟ್ಟಿಯಾಗಿ ಮುಚ್ಚಿ, ಕೋನಿನ ಸದ್ದು ಡಿಕ್ಕಿಗೆ ಸೋರದಂತೆ ಮಾಡಿ. ಇಲ್ಲವಾದರೆ ಆ ತರುಣನ ಕಥೆಯೇ ನಿಮ್ಮದೂ ಆಗುತ್ತದೆ.

ಸೀಟಿನ ಕೆಳಗೆ ಇಡುವ ತೆಳುವಾದ ಸಬ್‌ವೂಫರುಗಳು ಜಾಗ ಉಳಿಸುತ್ತವೆ, ಬಾಗಿಲಿನ ಸ್ಪೀಕರುಗಳ ಜೊತೆ ಸುಲಭವಾಗಿ ಹೊಂದಿಕೊಳ್ಳುತ್ತವೆ. ಆದರೆ ತೀರಾ ಕೆಳಗಿನ ನಾದವನ್ನು ಅವುಗಳಿಂದ ನಿರೀಕ್ಷಿಸಬೇಡಿ. ಕೂರಿಸುವ ಮೊದಲು ಸೀಟನ್ನು ಹಿಂದೆ ಮುಂದೆ ಪೂರ್ತಿ ಜರುಗಿಸಿ ನೋಡಿ, ಮತ್ತು ಅಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದನ್ನು ಮುಟ್ಟಲೇಬೇಡಿ. ಅದು ಏರ್‌ಬ್ಯಾಗಿಗೆ ಅಥವಾ ಸೀಟ್ ಬೆಲ್ಟಿಗೆ ಸೇರಿದ್ದು. ಸ್ಟೆಪ್ನಿಯ ಗುಂಡಿಯಲ್ಲಿ ಕೂರುವ ಸಬ್‌ವೂಫರುಗಳೂ ಇವೆ, ಚೆನ್ನಾಗಿಯೂ ಇರುತ್ತವೆ. ಸ್ಟೆಪ್ನಿಯನ್ನು ಮನೆಯಲ್ಲಿ ಬಿಟ್ಟು ಹೋಗುವ ಜಾಣತನ ಮಾತ್ರ ಬೇಡ.

ಜಾಗ ಗೊತ್ತಾದ ಮೇಲೆ ಎರಡು ಗುಂಡಿಗಳ ಕಡೆ ಗಮನ ಕೊಡಿ. ಆಂಪ್ಲಿಫೈಯರಿನಲ್ಲಿರುವ, ಅಲೆಯನ್ನು ತಿರುವುಮುರುವು ಮಾಡುವ ಫೇಸ್ ಸ್ವಿಚ್ಚನ್ನು 0 ಯಲ್ಲಿಟ್ಟು ಒಮ್ಮೆ, 180 ರಲ್ಲಿಟ್ಟು ಒಮ್ಮೆ ಕೇಳಿ. ಯಾವುದರಲ್ಲಿ ಬಾಸ್ ತುಂಬಿ ಬರುತ್ತದೋ ಅದೇ ಸರಿ. ಒಬ್ಬರು ಸ್ವಿಚ್ ಹಾಕಲಿ, ನೀವು ಸೀಟಿನಲ್ಲಿರಿ. ಕ್ರಾಸ್‌ಓವರನ್ನು, ಅಂದರೆ ಸಬ್‌ವೂಫರ್ ಎಷ್ಟು ಎತ್ತರದ ನಾದದವರೆಗೆ ನುಡಿಯಬೇಕೆಂದು ಗೊತ್ತುಮಾಡುವ ಗುಂಡಿಯನ್ನು, 80 ಹರ್ಟ್ಸ್ ಆಸುಪಾಸಿನಲ್ಲಿ ಇಡಿ. ಗಂಡುದನಿಯ ಹಾಡೊಂದನ್ನು ಹಾಕಿದಾಗ ಹಾಡುಗಾರ ಡಿಕ್ಕಿಯಲ್ಲಿ ಕುಳಿತು ಗೊಣಗುತ್ತಿರುವಂತೆ ಕೇಳಿಸಿದರೆ ಅದು ಮೇಲಕ್ಕೆ ಹೋಗಿದೆ ಎಂದರ್ಥ, ಇಳಿಸಿ. ಇಷ್ಟಾದ ಮೇಲೂ ಸದ್ದು ಹಿಂದಿನಿಂದ ಬಂದಂತೆ ತೋರಿದರೆ ಸಬ್‌ವೂಫರನ್ನು ದೂರುವ ಮೊದಲು ನಂಬರ್ ಪ್ಲೇಟನ್ನೂ ಡಿಕ್ಕಿಯ ಮೇಲಿನ ಹಲಗೆಯನ್ನೂ ಕೈಯಿಂದ ಒತ್ತಿ ಹಿಡಿದು ನೋಡಿ; ಬಹಳ ಸಲ ಹಿಂದಿನ ದಿಕ್ಕನ್ನು ಕಿವಿಗೆ ತೋರಿಸಿಕೊಡುವುದು ಅವುಗಳ ಗಡಗಡ ಸದ್ದೇ.

ಕೊನೆಯದಾಗಿ, ಆರಿಸಿದ ಜಾಗದಲ್ಲಿ ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಅಥವಾ ಗಟ್ಟಿ ಪಟ್ಟಿಗಳಿಂದ ಕಾರಿನ ಲೋಹದ ಭಾಗಕ್ಕೆ ಬಿಗಿಯಿರಿ. ಭಾರವಾದ ಪೆಟ್ಟಿಗೆ ಸಡಿಲವಾಗಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಅಥವಾ ಅಪಘಾತವಾದಾಗ ಅದು ಹಿಂದಿನ ಸೀಟಿನಲ್ಲಿರುವವರ ಮೇಲೆ ಬಂದು ಬೀಳಬಹುದು. ಬಿಗಿಯುವ ಮುನ್ನ ಅಡಿಯಲ್ಲಿ ಇಂಧನದ ಟ್ಯಾಂಕ್, ಕೊಳವೆ, ತಂತಿ ಯಾವುದೂ ಇಲ್ಲವೆಂದು ನೋಡಿಕೊಂಡೇ ರಂಧ್ರ ಕೊರೆಯಬೇಕು. ಬಿಗಿದಾದ ಮೇಲೆ ಎಲ್ಲ ಬಾಗಿಲುಗಳನ್ನೂ ಮುಚ್ಚಿ, ಸೀಟಿನಲ್ಲಿ ಕುಳಿತು, ಅದೇ ಹಾಡನ್ನು ಇನ್ನೊಮ್ಮೆ ಕೇಳಿ ನೋಡಿ. ಪೆಟ್ಟಿಗೆ ಒಂದಿಷ್ಟು ಜರುಗಿದ್ದರೂ ತಿಳಿಯುತ್ತದೆ.

ನಮಸ್ಕಾರ.