ಹಲ್ಲು ಹೋದ ಜಾಗಕ್ಕೆ ಏನು ಕೂರಿಸೋದು?

ನಮಸ್ಕಾರ ಕೇಳುಗರೇ. ಹಲ್ಲು ಕೀಳಿಸ್ಕೊಂಡು ಬಾಯಲ್ಲಿ ಹತ್ತಿ ಕಚ್ಕೊಂಡು ಕೂತಿರೋರು ಆ ಹತ್ತಿ ಸಂದೀಲೇ ಕೇಳೋ ಪ್ರಶ್ನೆ ಒಂದಿದೆ, ಡಾಕ್ಟ್ರೇ ಈಗ ಇಲ್ಲಿಗೆ ಯಾವ್ದು ಬೆಸ್ಟು ಅಂತ. ನಾನು ಹಲ್ಲಿನ ಡಾಕ್ಟ್ರಾಗಿ ಇಷ್ಟು ವರ್ಷ ಆದ್ರೂ ಇದಕ್ಕೆ ಒಂದೇ ಮಾತಲ್ಲಿ ಉತ್ತರ ಹೇಳಕ್ಕೆ ಬರಲ್ಲ ನಂಗೆ. ಹೋದ ಹಲ್ಲು ಹೋಯ್ತು, ನಾನು ನೋಡ್ಬೇಕಾಗಿರೋದು ಅಕ್ಕಪಕ್ಕ ಉಳಿದಿರೋ ಹಲ್ಲು ಹೆಂಗಿದೆ, ಕೆಳಗೆ ಮೂಳೆ ಎಷ್ಟಿದೆ ಅಂತ.

ಮೂಳೆ ವಿಷ್ಯ ಮೊದಲು ಹೇಳ್ಬಿಡ್ತೀನಿ, ಯಾಕಂದ್ರೆ ಇದು ಕಾಯಲ್ಲ. ಹಲ್ಲಿನ ಬೇರು ಇರೋ ತನಕ ಅದನ್ನ ಹಿಡ್ಕೊಳ್ಳೋ ಮೂಳೆಗೆ ಕೆಲಸ ಇರುತ್ತೆ, ಬೇರು ಹೋದ್ಮೇಲೆ ಕೆಲಸ ಇಲ್ದೆ ಕರಗಕ್ಕೆ ಶುರು ಮಾಡುತ್ತೆ. ಮೊದಲ 12 ತಿಂಗಳಲ್ಲಿ ಅಗಲದಲ್ಲಿ ಹತ್ತಿರತ್ತಿರ ಅರ್ಧ ಹೋಗ್ಬಹುದು, ಅದ್ರಲ್ಲೂ ಜಾಸ್ತಿ ಭಾಗ ಮೊದಲ 3 ತಿಂಗಳಲ್ಲೇ. ಈ ಕಡೆ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತೆ, ಎದುರಿನ ಹಲ್ಲು ತಡೆಯೋರಿಲ್ಲ ಅಂತ ಇಳ್ಕೊಂಡು ಬರುತ್ತೆ. ಏಳೆಂಟು ವರ್ಷ ಬಿಟ್ಟು ಬಂದವರ ಬಾಯಲ್ಲಿ ಎಷ್ಟೋ ಸಲ ಹೊಸ ಹಲ್ಲು ಕೂರ್ಸಕ್ಕೆ ಜಾಗಾನೇ ಇರಲ್ಲ. ಅದಕ್ಕೇ ಮುಂದೇನು ಅನ್ನೋ ಪ್ರಶ್ನೆನ ಕೀಳ್ಸೋಕೆ ಮುಂಚೆ ಕೇಳಿ ಅನ್ನೋದು, ಹತ್ತಿ ಕಚ್ಕೊಂಡ್ಮೇಲಲ್ಲ.

ಹಂಗಂತ ಎಲ್ಲಾ ಗ್ಯಾಪೂ ತುಂಬಲೇಬೇಕು ಅಂತೇನಿಲ್ಲ, ಇದನ್ನ ನಮ್ಮೋರು ಅಷ್ಟಾಗಿ ಹೇಳಲ್ಲ. 32 ಹಲ್ಲಲ್ಲಿ ಬುದ್ಧಿ ಹಲ್ಲು ನಾಲ್ಕು ಹೋದ್ರೆ ಅದರ ಜಾಗಕ್ಕೆ ಯಾರೂ ಏನೂ ಕೂರ್ಸಲ್ಲ. ಕೊನೇ ದವಡೆ ಹಲ್ಲು ಹೋಗಿದ್ರೂ ಅಷ್ಟೇ, ಮುಂದಿಂದು ಒಂದಕ್ಕೊಂದು ಸರಿಯಾಗಿ ಕೂಡ್ತಾ ಇದ್ರೆ, ಅಗಿಯಕ್ಕೆ ತೊಂದ್ರೆ ಇಲ್ಲ ಅಂದ್ರೆ ಸುಮ್ನೆ ಬಿಡಬಹುದು. ಮೇಲೆ ಕೆಳಗೆ ಸೇರಿ ಚೆನ್ನಾಗಿರೋ 20 ಹಲ್ಲಿದ್ರೆ ಬಹಳ ಜನಕ್ಕೆ ಸಾಕಾಗುತ್ತೆ ಅನ್ನೋದು ನಮ್ಮ ವೃತ್ತೀಲಿ 1980ರ ದಶಕದಿಂದ ಇರೋ ಮಾತು.

ಸರಿ, ಮಧ್ಯದ ಹಲ್ಲೊಂದು ಹೋಗಿದೆ ಅಂದ್ಕೊಳ್ಳಿ. ಈಗ ಬ್ರಿಜ್ಜಾ, ಇಂಪ್ಲಾಂಟಾ ಅನ್ನೋ ಜಗಳ. ಬ್ರಿಜ್ ಅಂದ್ರೆ ಪಕ್ಕದ ಎರಡೂ ಹಲ್ಲನ್ನ ಸುತ್ತ ಸವೆಸಿ, ಮೂರು ಕ್ಯಾಪ್ ಒಂದಕ್ಕೊಂದು ಅಂಟ್ಕೊಂಡಿರೋ ಒಂದು ಪೀಸ್ ಮಾಡಿ ಕೂರ್ಸೋದು. ಎರಡು ಮೂರು ವಾರದಲ್ಲಿ ಕೆಲಸ ಮುಗಿಯುತ್ತೆ, ಆಪರೇಷನ್ ಇಲ್ಲ. ಆದ್ರೆ ಸವೆಸಿದ ಎನಾಮಲ್ ಮತ್ತೆ ಬೆಳೆಯಲ್ಲ ಸ್ವಾಮಿ! ಆ ಎರಡು ಹಲ್ಲು ಆಗ್ಲೇ ರೂಟ್ ಕೆನಾಲ್ ಆಗಿ ಕ್ಯಾಪ್ ಬೇಡ್ತಾ ಇದ್ರೆ ಬ್ರಿಜ್ ಹಾಕಕ್ಕೆ ನಂಗೆ ಯಾವ ಬೇಜಾರೂ ಇಲ್ಲ, ಒಂದೇ ಕೆಲಸದಲ್ಲಿ ಮೂರೂ ಆಯ್ತು. ಒಂದು ಚುಕ್ಕೆ ಹುಳುಕೂ ಇಲ್ದಿರೋ ಗಟ್ಟಿ ಹಲ್ಲಾದ್ರೆ ಮಾತ್ರ ಕೈ ಹಿಂದೆ ಹೋಗುತ್ತೆ, ಮಿಷನ್ ಇಡಕ್ಕೆ ಮನಸ್ಸು ಬರಲ್ಲ. ಇನ್ನೊಂದು, ಬ್ರಿಜ್ ಕೆಳಗೆ ದಾರ ಹಾಕಿ ಕ್ಲೀನ್ ಮಾಡ್ದೆ ಇದ್ರೆ ಕಂಬದ ಥರ ನಿಂತಿರೋ ಹಲ್ಲು ಒಳಗಿಂದೊಳಗೇ ಹುಳುಕಾಗುತ್ತೆ, ಒಂದು ಕಂಬ ಹೋದ್ರೆ ಪೂರ್ತಿ ಬ್ರಿಜ್ಜೇ ಹೋಯ್ತು.

ಇಂಪ್ಲಾಂಟ್ ಅಂದ್ರೆ ದವಡೆ ಮೂಳೆಗೆ ಬೇರಿನ ಥರ ಕೂರ್ಸೋ ಟೈಟಾನಿಯಮ್ ಸ್ಕ್ರೂ, ಹಲ್ಲು ಅದರ ಮೇಲೆ ಕೂರುತ್ತೆ. ಅದರ ಕಥೆ ಸ್ವಾರಸ್ಯ ಇದೆ. ಸ್ವೀಡನ್ನಿನ ಬ್ರಾನೆಮಾರ್ಕ್ ಅನ್ನೋ ವಿಜ್ಞಾನಿ 1950ರ ದಶಕದಲ್ಲಿ ಮೊಲದ ಮೂಳೇಲಿ ರಕ್ತ ಹೆಂಗೆ ಓಡುತ್ತೆ ನೋಡೋಣ ಅಂತ ಟೈಟಾನಿಯಮ್ ಸಾಮಾನು ಕೂರ್ಸಿದ್ರು, ಕೊನೇಲಿ ತೆಗೆಯೋಕೆ ಹೋದ್ರೆ ಬರಲೇ ಇಲ್ಲ, ಮೂಳೆ ಅದನ್ನ ತನ್ನದೇ ಅಂದ್ಕೊಂಡು ಅಂಟ್ಕೊಂಡ್ಬಿಟ್ಟಿತ್ತು. 1965ರಲ್ಲಿ ಮೊದಲ ಪೇಷೆಂಟಿಗೆ ಹಾಕಿದ್ರು, ಆ ಪೇಷೆಂಟ್ ಸಾಯೋ ತನಕ, ಅಂದ್ರೆ 40 ವರ್ಷ, ಅದು ಅವರ ದವಡೇಲಿ ಇತ್ತು. ಇಂಪ್ಲಾಂಟಿಗೆ ಪಕ್ಕದ ಹಲ್ಲನ್ನ ಮುಟ್ಟೋದೇ ಬೇಕಿಲ್ಲ, ಮೂಳೇನೂ ಅಷ್ಟಾಗಿ ಕರಗಲ್ಲ. ಆದ್ರೆ ಮೂಳೆಗೆ ಬೆಸೆಯಕ್ಕೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು, ಮೂಳೆ ಕಮ್ಮಿ ಇದ್ರೆ ಅಲ್ಲಿಗೆ ಮೂಳೆ ತುಂಬೋ ಕೆಲಸ ಬೇರೆ. ಸಿಗರೇಟು ಬಿಡದವರಿಗೆ, ಶುಗರ್ ಕಂಟ್ರೋಲಲ್ಲಿ ಇಲ್ಲದವರಿಗೆ ಕೈಕೊಡೋ ಚಾನ್ಸ್ ಜಾಸ್ತಿ. ಮೂಳೆ ಸವೆತಕ್ಕೆ ಮಾತ್ರೆ ಇಂಜೆಕ್ಷನ್ ತಗೊಳ್ಳೋರು ಅದನ್ನ ಹಲ್ಲಿನ ಡಾಕ್ಟ್ರಿಗೆ ಹೇಳ್ಲೇಬೇಕು, ಹಲ್ಲಿಗೂ ಅದಕ್ಕೂ ಏನ್ ಸಂಬಂಧ ಅಂತ ಮುಚ್ಚಿಡೋರೇ ಜಾಸ್ತಿ. ಬೆಳೆಯೋ ಮಕ್ಕಳಿಗೆ ಇದು ಬೇಡ, ದವಡೆ ಬೆಳೆಯುತ್ತೆ, ಇಂಪ್ಲಾಂಟ್ ಇದ್ದಲ್ಲೇ ಇರುತ್ತೆ, ಆಮೇಲೆ ಆ ಹಲ್ಲು ಒಂದೇ ಗಿಡ್ಡ ಕಾಣುತ್ತೆ. ಅವರಿಗೆ ಮುಂದಿನ ಹಲ್ಲು ಹೋಗಿದ್ರೆ ಪಕ್ಕದ ಹಲ್ಲಿನ ಹಿಂದೆ ರೆಕ್ಕೆ ಥರ ಅಂಟ್ಸೋ ಬ್ರಿಜ್ ಒಂದಿದೆ, ಸವೆಸೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ.

ಇಂಪ್ಲಾಂಟ್ ಲೈಫ್‌ಲಾಂಗ್ ಗ್ಯಾರಂಟಿ ಅಂತ ಯಾರಾದ್ರೂ ಹೇಳಿದ್ರೆ ನಾನಾದ್ರೆ ನಂಬಲ್ಲ. ಅದು ಹುಳುಕಾಗಲ್ಲ ನಿಜ, ಸುತ್ತಲಿನ ವಸಡು ಮೂಳೆ ಕೆಡುತ್ತಲ್ಲ, ಅದೂ ಬಹಳ ಸಲ ನೋವೇ ಇಲ್ದೆ.

ಎಲ್ಲಾ ಹಲ್ಲೂ ಹೋಗಿರೋರಿಗೆ ಸೆಟ್ಟು, ಅಂದ್ರೆ ತೆಗೆದು ಹಾಕೋ ಪೂರ್ತಿ ಕಟ್ಟಿಸಿದ ಹಲ್ಲು. ಮೇಲಿಂದು ಬಾಯಿ ಅಂಗಳಕ್ಕೆ ಗಾಳಿ ಬಿಡದಂಗೆ ಕಚ್ಕೊಂಡು ಕೂರುತ್ತೆ, ಕೆಳಗಿಂದು ನಾಲಿಗೆ ಆಡಿದ ಕಡೆ ತೇಲುತ್ತೆ, ಅದು ಡಾಕ್ಟ್ರ ತಪ್ಪಲ್ಲ, ಅಲ್ಲಿ ಹಿಡಿಯಕ್ಕೆ ಜಾಗಾನೇ ಕಮ್ಮಿ. ಅಂಥವರು ಪೂರ್ತಿ ಫಿಕ್ಸೆಡ್ ಹಲ್ಲೇ ಬೇಕು ಅನ್ನೋ ಮೊದಲು ಕೆಳಗಿನ ದವಡೆ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಹಾಕಿಸ್ಕೊಳ್ಳೋ ಬಗ್ಗೆ ಕೇಳಿ, ಸೆಟ್ಟು ಅದರ ಮೇಲೆ ಟಿಚ್ ಬಟನ್ ಥರ ಟಕ್ ಅಂತ ಕೂರುತ್ತೆ. 2002ರಲ್ಲೇ ಮಾಂಟ್ರಿಯಲ್‌ನಲ್ಲಿ ಸೇರಿದ್ದ ತಜ್ಞರು ಕೆಳ ದವಡೆಗೆ ಇದೇ ಮೊದಲ ಆಯ್ಕೆ ಆಗ್ಬೇಕು ಅಂದಿದ್ರು.

ಸೆಟ್ಟು ಹಾಕ್ಕೊಳ್ಳೋರಿಗೆ ಕೊನೇದಾಗಿ ಇಷ್ಟು. ರಾತ್ರಿ ತೆಗೆದು ತಣ್ಣೀರಲ್ಲಿಡಿ, ಬಿಸಿನೀರಿಗೆ ಹಾಕಿದ್ರೆ ಸೊಟ್ಟಗಾಗುತ್ತೆ. ತೊಳೆಯೋವಾಗ ಬೇಸಿನ್ನಲ್ಲಿ ಒಂದಿಷ್ಟು ನೀರು ತುಂಬ್ಸಿಟ್ಕೊಳ್ಳಿ, ಕೈ ಜಾರಿ ಬಿದ್ರೂ ಒಡೆಯಲ್ಲ. ನಮಸ್ಕಾರ.